ಹಳೇ ಸಿಗರೇಟಿನ ಹೊಗೆಗೂ ಈಗಿನ ಹೊಗೆಗೂ ಏನು ವ್ಯತ್ಯಾಸ? ಅಪ್ಪ ಸರಿಯಾ, ಭಾವ ಸರಿಯಾ?

ಕೋಡಿಬಾಗದ ಹುಡುಗ (ಕಾರವಾರ):
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ಶುರುವಾಗಿ ಮುಗಿಯುತ್ತಲೇ ಇಲ್ಲ. ಕೆಮಿಸ್ಟ್ರಿ ಗೊತ್ತಿದ್ದವರು ಯಾರಾದರೂ ಬಿಡಿಸಿ ಹೇಳಿ.

ಅಪ್ಪ ಹೈಸ್ಕೂಲು ಕಾಲದಿಂದ ಸೇದುತ್ತಾರೆ. ಮೊದಲು ಫಿಲ್ಟರ್ ಇಲ್ಲದ ಪ್ಲೇನ್ ಸಿಗರೇಟು. ತೊಂಬತ್ತರ ದಶಕದಲ್ಲಿ ಕೆಮ್ಮು ಜಾಸ್ತಿಯಾದಾಗ ಡಾಕ್ಟರೊಬ್ಬರು "ಬಿಡಲಿಕ್ಕೆ ಆಗದಿದ್ದರೆ ಲೈಟ್ ಸೇದಿ, ಟಾರ್ ಕಡಿಮೆ" ಅಂದರಂತೆ. ಅಂದಿನಿಂದ ಅದೇ ನಡೆದಿದೆ. ಈಗ ಅಪ್ಪ ಹೇಳುವುದು, "ನಾವು ಆಗ ಸೇದಿದ್ದು ನಿಜವಾದ ಹೊಗೆ. ಈಗಿನದ್ದರಲ್ಲಿ ಏನಿದೆ? ಇದರಿಂದ ಏನೂ ಆಗುವುದಿಲ್ಲ." ಭಾವನದ್ದು ಪೂರ್ತಿ ಉಲ್ಟಾ. "ಆಗಿನದ್ದು ಶುದ್ಧ ತಂಬಾಕು, ಈಗಿನದ್ದು ಬರೀ ಕೆಮಿಕಲ್. ಅದಕ್ಕೇ ಈಗ ಕ್ಯಾನ್ಸರ್ ಜಾಸ್ತಿ." ಅದೇ ಮಾತು ಹಿಡಿದುಕೊಂಡು ಭಾವ ಬೀಡಿಗೆ ಬಂದಿದ್ದಾರೆ.

ಐವತ್ತು ಅರವತ್ತು ವರ್ಷದಲ್ಲಿ ಹೊಗೆಯೊಳಗಿನ ವಸ್ತುಗಳು ನಿಜವಾಗಿ ಬದಲಾಗಿವೆಯಾ? ಯಾವುದು ಇಳಿದಿದೆ, ಯಾವುದು ಏರಿದೆ?

ಅಂಕೋಲಾ ಪೇಟೆ:
ಎರಡೂ ವಿಷವೇ. ಇದರಲ್ಲಿ ಚರ್ಚೆ ಏನಿದೆ? ಬಿಡಿಸಿ.

ಕೋಡಿಬಾಗದ ಹುಡುಗ:
ಬಿಡಿಸಲಿಕ್ಕೇ ಕೇಳುತ್ತಿದ್ದೇನೆ ಅಣ್ಣ. ಸುಮ್ನೆ ವಿಷ ಅಂದರೆ ಅಪ್ಪ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಂಕಿ ಅಂಶ ಇಟ್ಟರೆ ಕೇಳುತ್ತಾರೆ. ಇಡೀ ಸರ್ವೀಸು ಲೆಕ್ಕದ ವಿಭಾಗದಲ್ಲೇ ಇದ್ದವರು.

ಕುಮಟಾ ಮಾಸ್ತರ್:
ಒಳ್ಳೆಯ ಪ್ರಶ್ನೆ ತಮಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು, ಈ ವಿಷಯ ಬಹಳ ಓದಿದ್ದೇನೆ. ಅಪ್ಪನ ಮಾತಿನಿಂದ ಶುರು ಮಾಡುತ್ತೇನೆ.

ಅಂಕಿ ಇಳಿದದ್ದು ಹೌದು. ಅಮೆರಿಕದಲ್ಲಿ ಮಾರಾಟವಾಗುವ ಸಿಗರೇಟುಗಳ ಸರಾಸರಿ ಟಾರ್, ಅಂದರೆ ಹೊಗೆಯಲ್ಲಿನ ಜಿಗುಟು ಅಂಶ, 1950ರ ದಶಕದ ಮಧ್ಯದಲ್ಲಿ ಒಂದು ಸಿಗರೇಟಿಗೆ ಸುಮಾರು 38 ಮಿಲಿಗ್ರಾಂ ಇತ್ತು. ತೊಂಬತ್ತರ ದಶಕಕ್ಕೆ ಅದು 12ರ ಆಸುಪಾಸಿಗೆ ಬಂತು. ನಿಕೋಟಿನ್ 2.7 ಮಿಲಿಗ್ರಾಂ ಇದ್ದದ್ದು ಒಂದರ ಹತ್ತಿರ ಬಂತು. ಕಾರಣವೂ ಇದೆ. 1950ರಲ್ಲಿ ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್, ಅಮೆರಿಕದಲ್ಲಿ ವೈಂಡರ್ ಮತ್ತು ಗ್ರಹಾಂ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1953ರಲ್ಲಿ ವೈಂಡರ್ ತಂಡ ಸಿಗರೇಟಿನ ಟಾರನ್ನು ಇಲಿಗಳ ಚರ್ಮಕ್ಕೆ ಬಳಿದು ಗಡ್ಡೆ ಬರುವುದನ್ನು ತೋರಿಸಿತು. ಜನ ಹೆದರಿದರು. ಕಂಪನಿಗಳು ಫಿಲ್ಟರ್ ಹಿಂದೆ ಬಿದ್ದವು. 1950ರಲ್ಲಿ ಅಲ್ಲಿ ನೂರಕ್ಕೆ ಒಂದರಷ್ಟು ಇದ್ದ ಫಿಲ್ಟರ್ ಸಿಗರೇಟು ಕೆಲವೇ ದಶಕದಲ್ಲಿ ಹೆಚ್ಚುಕಡಿಮೆ ಪೂರ್ತಿ ಮಾರುಕಟ್ಟೆಯಾಯಿತು.

ಈಗ ಮುಖ್ಯ ವಿಷಯ. ಈ ಟಾರ್ ಅಂಕಿ ಬಂದದ್ದು ಮನುಷ್ಯರ ಎದೆಯಿಂದಲ್ಲ, ಯಂತ್ರದಿಂದ. ಯಂತ್ರ ನಿಮಿಷಕ್ಕೊಮ್ಮೆ, ಎರಡು ಸೆಕೆಂಡು, 35 ಮಿಲಿಲೀಟರ್ ದಮ್ಮು ಎಳೆಯುತ್ತದೆ. ಯಾವ ಮನುಷ್ಯ ಹಾಗೆ ಸೇದುತ್ತಾನೆ? ಲೈಟ್ ಸಿಗರೇಟು ಸೇದುವವರು ದಮ್ಮು ಉದ್ದ ಎಳೆಯುತ್ತಾರೆ, ಬೇಗ ಬೇಗ ಎಳೆಯುತ್ತಾರೆ, ಎದೆಯಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತಾರೆ. ಯಾಕೆಂದರೆ ದೇಹ ಕೇಳುವುದು ನಿಕೋಟಿನ್. ಅದು ಸಿಗುವ ತನಕ ಬಿಡುವುದಿಲ್ಲ. ನೀರು ಚಹಾ ಕೊಟ್ಟರೆ ಇನ್ನೊಂದು ಕಪ್ ಕೇಳುತ್ತಾರಲ್ಲ, ಹಾಗೆ. ಈ ಯಂತ್ರದ ವಿಧಾನವನ್ನು 1966ರಲ್ಲಿ ಒಪ್ಪಿದ್ದ ಅಮೆರಿಕದ ವ್ಯಾಪಾರ ಆಯೋಗ 2008ರಲ್ಲಿ ತಾನೇ ಕೈಬಿಟ್ಟಿತು.

ಬೈತಖೋಲ್ ಬಂದರು:
ಮಾಸ್ತರ್ರೇ, ಹಾಗಾದರೆ ಫಿಲ್ಟರ್ ಪೂರ್ತಿ ಸುಳ್ಳಾ? ಫಿಲ್ಟರ್ ಕಂದು ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಅಷ್ಟು ಕೊಳೆ ಹಿಡಿದಿದೆ ಅಂತಲೇ ಅಲ್ವಾ?

ಕುಮಟಾ ಮಾಸ್ತರ್:
ಸ್ವಲ್ಪ ಹಿಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ಅದು ಸೆಲ್ಯುಲೋಸ್ ಅಸಿಟೇಟ್ ಎಳೆಗಳ ಗೊಂಚಲು. ಹೊಗೆಯ ಕಣಗಳಲ್ಲಿ ಒಂದು ಪಾಲನ್ನು ತಡೆಯುತ್ತದೆ. ಅನಿಲಗಳು ಸಲೀಸಾಗಿ ದಾಟಿ ಹೋಗುತ್ತವೆ. ಕಾರ್ಬನ್ ಮೊನಾಕ್ಸೈಡ್ ಅಂತೂ ನೇರ ಒಳಗೆ.

ಅಘನಾಶಿನಿ:
ನಾನು ತಂಬಾಕು ಬಿಡಿಸುವ ಆಪ್ತ ಸಮಾಲೋಚನೆಯ ಕೆಲಸ ಮಾಡುವವಳು. ಮಾಸ್ತರ್ರ ಮಾತಿಗೆ ಒಂದು ಸೇರಿಸುತ್ತೇನೆ. ಟಾರ್ ಅಂಕಿ ಇಳಿಯಲಿಕ್ಕೆ ಫಿಲ್ಟರಿಗಿಂತ ದೊಡ್ಡ ಕಾರಣ ಅದರ ಸುತ್ತ ಇರುವ ತೂತುಗಳು.

ಅಪ್ಪನ ಸಿಗರೇಟು ಒಂದು ತೆಗೆದುಕೊಳ್ಳಿ. ಫಿಲ್ಟರಿನ ಮೇಲಿನ ಕಾಗದ ಬಿಚ್ಚಿ ಮೊಬೈಲ್ ಟಾರ್ಚಿನ ಎದುರು ಹಿಡಿಯಿರಿ. ಬಾಯಿಯ ತುದಿಯಿಂದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಮೇಲೆ ಸೂಜಿಮೊನೆಯಂಥ ತೂತುಗಳ ಸಾಲು ಕಾಣುತ್ತದೆ. ಕೆಲವದರಲ್ಲಿ ಎರಡು ಸಾಲು. ಎಳೆದಾಗ ಅದರಿಂದ ಹೊರಗಿನ ಗಾಳಿ ನುಗ್ಗಿ ಹೊಗೆಯನ್ನು ತೆಳು ಮಾಡುತ್ತದೆ. ಯಂತ್ರ ತುದಿಯನ್ನು ಮಾತ್ರ ಹಿಡಿಯುತ್ತದೆ, ತೂತುಗಳು ತೆರೆದೇ ಇರುತ್ತವೆ. ಮನುಷ್ಯರ ತುಟಿ, ಬೆರಳು ಸರಿಯಾಗಿ ಅಲ್ಲೇ ಕೂರುತ್ತದೆ. ತೂತು ಮುಚ್ಚಿತು, ಲೈಟ್ ಅನ್ನುವುದು ಮುಗಿಯಿತು.

ಇನ್ನೊಂದು ಪರೀಕ್ಷೆ ಇದೆ. ಸೇದಿ ಎಸೆದ ತುಂಡಿನ ಬಾಯಿಯ ತುದಿ ನೋಡಿ. ತೂತು ತೆರೆದಿದ್ದರೆ ಮಧ್ಯದಲ್ಲಿ ಮಾತ್ರ ಕಂದು ಚುಕ್ಕೆ, ಸುತ್ತ ಬಿಳಿ ಉಳಿಯುತ್ತದೆ. ಮುಚ್ಚಿ ಸೇದಿದ್ದರೆ ಅಂಚಿನ ತನಕ ಕಂದು.

ಕೋಡಿಬಾಗದ ಹುಡುಗ:
ಈಗಷ್ಟೇ ಜಗಲಿಯ ಆಶ್‌ಟ್ರೇ ನೋಡಿ ಬಂದೆ ಅಕ್ಕ. ಹೆಚ್ಚಿನವು ಅಂಚಿನ ತನಕ ಕಂದು. ಒಂದೆರಡರಲ್ಲಿ ಹಲ್ಲಿನ ಗುರುತೂ ಇದೆ, ತೂತಿನ ಸಾಲಿನ ಮೇಲೇ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇದು ನನಗೆ ಯಾರೂ ಹೇಳಲೇ ಇಲ್ಲ" ಅಂದರು.

ಅಂಕೋಲಾ ಪೇಟೆ:
ಇದು ನಿಜಕ್ಕೂ ಹೊಸ ವಿಷಯ. ಪ್ಯಾಕಿನ ಮೇಲೆ ತೂತಿನ ವಿಚಾರ ಎಲ್ಲೂ ಬರೆದಿರುವುದಿಲ್ಲ.

ಶಿರಸಿ ತೋಟದ ಮನೆ:
ಎಲ್ಲಾ ಸರಿ. ಆದರೆ ಭಾವ ಹೇಳಿದ್ದರಲ್ಲೂ ಸತ್ಯ ಇದೆ. ಹಿಂದೆ ಸಗಣಿ ಗೊಬ್ಬರ, ಸೊಪ್ಪಿನ ಗೊಬ್ಬರ ಹಾಕಿ ಬೆಳೆಯುತ್ತಿದ್ದರು. ಈಗ ಮೂಟೆಗಟ್ಟಲೆ ಯೂರಿಯಾ, ಅದರ ಮೇಲೆ ಔಷಧಿ. ಸಿಗರೇಟು ಮಾಡುವಾಗ ಇನ್ನೇನೇನು ಸೇರಿಸುತ್ತಾರೋ. ಹಳೆಯದು ಅಷ್ಟು ಕೆಟ್ಟದ್ದಾಗಿದ್ದರೆ ನಮ್ಮ ಅಜ್ಜ ಎಂಬತ್ತು ದಾಟುತ್ತಿರಲಿಲ್ಲ.

ಅಘನಾಶಿನಿ:
ನಿಮ್ಮ ಅಜ್ಜ ಎಂಬತ್ತು ದಾಟಿದ್ದು ಸಂತೋಷ. ಅದೇ ಊರಿನಲ್ಲಿ ಅರವತ್ತಕ್ಕೇ ಹೋದವರನ್ನೂ ಲೆಕ್ಕ ಹಾಕಬೇಕು ಅಲ್ವಾ? ಉಳಿದವರು ಕಣ್ಣೆದುರು ಇರುತ್ತಾರೆ, ಹೋದವರು ಇರುವುದಿಲ್ಲ.

ಕುಮಟಾ ಮಾಸ್ತರ್:
ಯೂರಿಯಾದ ಮಾತು ಬಂತಲ್ಲ, ಪ್ರಶ್ನೆಯ ಜೀವ ಇರುವುದೇ ಅಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಗೆಯಲ್ಲಿ ಏಳು ಸಾವಿರಕ್ಕೂ ಜಾಸ್ತಿ ವಸ್ತುಗಳಿವೆ. ಅದರಲ್ಲಿ ಎಪ್ಪತ್ತರ ಆಸುಪಾಸು ಕ್ಯಾನ್ಸರ್ ತರುವಂಥವು. ಇವೆಲ್ಲ ಒಟ್ಟಿಗೆ ಏರಲಿಲ್ಲ, ಒಟ್ಟಿಗೆ ಇಳಿಯಲಿಲ್ಲ. ಎರಡನ್ನು ಮಾತ್ರ ಹಿಡಿಯೋಣ.

ಒಂದು, ಬೆಂಜೊಪೈರೀನ್. ಎಲೆ, ಕಟ್ಟಿಗೆ ಏನೇ ಅರೆಬರೆ ಸುಟ್ಟರೂ ಹುಟ್ಟುವ ವಸ್ತು. ದಮ್ಮು ಎಳೆಯುವಾಗ ಸಿಗರೇಟಿನ ಕೆಂಡ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಕೆಂಡದ ಹಿಂದೆಯೇ ಇದು ಆಗುವುದು. ಎರಡು, ಎನ್‌ಎನ್‌ಕೆ. ತಂಬಾಕಿಗೇ ಸೀಮಿತವಾದ ನೈಟ್ರೊಸಮೀನ್ ಗುಂಪಿನದ್ದು, ನಿಕೋಟಿನ್ನಿಂದಲೇ ಹುಟ್ಟುತ್ತದೆ. ಹೆಚ್ಚಿನ ಪಾಲು ಎಲೆ ಒಣಗುವಾಗ, ದಾಸ್ತಾನಿನಲ್ಲಿ ಇರುವಾಗಲೇ ತಯಾರಾಗಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಇದು ಶ್ವಾಸಕೋಶವನ್ನೇ ಹುಡುಕಿಕೊಂಡು ಹೋಗುತ್ತದೆ.

ಡೀಟ್ರಿಚ್ ಹಾಫ್‌ಮನ್ ಮತ್ತು ಇಲ್ಸ ಹಾಫ್‌ಮನ್ ಎಂಬ ವಿಜ್ಞಾನಿ ದಂಪತಿ 1950ರಿಂದ 1995ರ ತನಕ ಅಮೆರಿಕದ ಸಿಗರೇಟು ಹೇಗೆ ಬದಲಾಯಿತು ಎಂದು ಲೆಕ್ಕ ಹಾಕಿದರು. ಬೆಂಜೊಪೈರೀನ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆದರೆ ಫಿಲ್ಟರ್ ಇಲ್ಲದ ಒಂದು ಬ್ರಾಂಡಿನಲ್ಲಿ 1978ರಿಂದ 1995ರ ನಡುವೆ ಎನ್‌ಎನ್‌ಕೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗಿತ್ತು.

ಹೀಗೆ ಯಾಕೆ? ನೈಟ್ರೇಟ್. ಸಾರಜನಕದ ಗೊಬ್ಬರ ಜಾಸ್ತಿ ಆಯಿತು. ಮಿಶ್ರಣದಲ್ಲಿ ಬರ್ಲೀ ಎಂಬ, ನೆರಳಿನ ಗಾಳಿಯಲ್ಲಿ ಒಣಗಿಸುವ ತಂಬಾಕಿನ ಪಾಲು ಹೆಚ್ಚಿತು. ಮೊದಲು ಎಸೆಯುತ್ತಿದ್ದ ಎಲೆಯ ನರ, ದಂಟು, ಪುಡಿಯನ್ನೆಲ್ಲ ಅರೆದು ಹಾಳೆ ಮಾಡಿ ಸೇರಿಸಲಿಕ್ಕೆ ಶುರು ಮಾಡಿದರು. ನರದಲ್ಲಿ ನೈಟ್ರೇಟ್ ಜಾಸ್ತಿ. ನೈಟ್ರೇಟ್ ಹೆಚ್ಚಾದರೆ ಸುಡುವಾಗ ಬೆಂಜೊಪೈರೀನ್ ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಅದೇ ನೈಟ್ರೇಟ್ ಎಲೆಯಲ್ಲಿ ನೈಟ್ರೊಸಮೀನನ್ನು ಹೆಚ್ಚಿಸುತ್ತದೆ. ಒಂದು ವಿಷವನ್ನು ಇಳಿಸಿದ ಕಾರಣವೇ ಇನ್ನೊಂದನ್ನು ಏರಿಸಿತು.

ಹಾಗಾಗಿ ಭಾವ ಹೇಳಿದ 'ಕೆಮಿಕಲ್' ಹೊರಗಿನಿಂದ ಬಂದದ್ದು ಮಾತ್ರ ಅಲ್ಲ. ಅಮೋನಿಯಾ, ಸಕ್ಕರೆ, ಮೆಂಥಾಲ್ ಸೇರಿಸುವ ಪದ್ಧತಿ ಇದೆ, ಸಕ್ಕರೆ ಸುಟ್ಟರೆ ಅಸಿಟಾಲ್ಡಿಹೈಡ್ ಬರುವುದೂ ನಿಜ. ಆದರೆ ಏನೂ ಸೇರಿಸದ ಶುದ್ಧ ಎಲೆ ಸುಟ್ಟರೂ ಬೆಂಜೀನ್, ಫಾರ್ಮಾಲ್ಡಿಹೈಡ್, ಅಕ್ರೋಲಿನ್, ಹೈಡ್ರೋಜನ್ ಸಯನೈಡ್ ಎಲ್ಲಾ ಬರುತ್ತವೆ.

ಹುಣಸೂರು ಕಡೆಯವ (ಈಗ ದಾಂಡೇಲಿ):
ಮಾಸ್ತರ್ ಬರೆದದ್ದರಲ್ಲಿ ಒಂದು ತಿದ್ದುಪಡಿ. ಅಮೆರಿಕದ ಕಥೆಯನ್ನು ನೇರ ನಮಗೆ ಹಚ್ಚಬೇಡಿ. ನಮ್ಮ ಸಿಗರೇಟಿಗೆ ಹೋಗುವುದು ಹೆಚ್ಚಾಗಿ ವರ್ಜೀನಿಯಾ ತಂಬಾಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ಅದೇ. ಬರ್ಲೀ ಮಿಶ್ರಣಕ್ಕೆ ಹೋಲಿಸಿದರೆ ಇದರಲ್ಲಿ ನೈಟ್ರೊಸಮೀನ್ ಕಡಿಮೆ.

ನಮ್ಮ ಮನೆಯಲ್ಲೇ ಬ್ಯಾರನ್, ಅಂದರೆ ಎಲೆ ಒಣಗಿಸುವ ಮನೆ ಇತ್ತು. ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಮಾಳಿಗೆ ಮಾಳಿಗೆಯಾಗಿ ನೇತುಹಾಕುವುದು. ಹೊರಗೆ ಒಲೆಬಾಯಿಗೆ ಸೌದೆ. ಬಿಸಿ ಹೊಗೆ ದಪ್ಪ ತಗಡಿನ ಕೊಳವೆಯಲ್ಲಿ ಬ್ಯಾರನ್ ಸುತ್ತಿ ಹೊರಗೆ ಹೋಗುತ್ತದೆ, ಎಲೆಗೆ ಕಾವು ಮಾತ್ರ ತಾಗುತ್ತದೆ. ರಾತ್ರಿ ಎದ್ದು ಎದ್ದು ಥರ್ಮಾಮೀಟರ್ ನೋಡಬೇಕು. ಸ್ವಲ್ಪ ತಪ್ಪಿದರೂ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. ಅಮೆರಿಕದಲ್ಲಿ ಎಪ್ಪತ್ತರ ದಶಕದ ನಂತರ ಗ್ಯಾಸ್ ಬರ್ನರಿನ ಹೊಗೆಯನ್ನೇ ನೇರವಾಗಿ ಎಲೆಗೆ ಬಿಟ್ಟರು. ಅದರಲ್ಲಿದ್ದ ನೈಟ್ರೋಜನ್ ಆಕ್ಸೈಡುಗಳು ಎಲೆಯ ನಿಕೋಟಿನ್ ಜೊತೆ ಸೇರಿ ನೈಟ್ರೊಸಮೀನ್ ಏರಿತು. ಕಾರಣ ಗೊತ್ತಾದ ಮೇಲೆ, 2000ದ ಆಸುಪಾಸಿನಲ್ಲಿ, ಅಲ್ಲೂ ಕಾವು ಮಾತ್ರ ತಾಗುವ ವ್ಯವಸ್ಥೆಗೆ ಬದಲಿಸಿದರು. ಒಂದು ಬರ್ನರ್ ಬದಲಾದರೆ ಹೊಗೆಯ ರಸಾಯನ ಬದಲಾಗುತ್ತದೆ.

ಕುಮಟಾ ಮಾಸ್ತರ್:
ಈ ತಿದ್ದುಪಡಿ ಬೇಕಿತ್ತು. ಒಂದು ಮಾತು ಮಾತ್ರ ಸೇರಿಸುತ್ತೇನೆ, ನೈಟ್ರೊಸಮೀನ್ ಕಡಿಮೆ ಇರುವ ವರ್ಜೀನಿಯಾ ಸಿಗರೇಟನ್ನೇ ಸೇದಿದ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಏನೂ ಕಾಡಿಲ್ಲ.

ಮಲ್ಲಾಪುರ ಕಾಲೊನಿ:
ವಿಕಿರಣದ ವಿಚಾರ ಯಾರೂ ಎತ್ತಿಲ್ಲ. ಕೈಗಾ ಅಣು ಸ್ಥಾವರದ ಹೆಸರು ತೆಗೆದರೆ ಸಾಕು, ಮದುವೆ ಮನೆಯಲ್ಲೂ ನನ್ನನ್ನು ವಿಕಿರಣದ ಬಗ್ಗೆ ಕೇಳುತ್ತಾರೆ. ಕೈಯಲ್ಲಿ ಸಿಗರೇಟು ಹಿಡಿದವರೂ ಕೇಳುತ್ತಾರೆ. ಸಿಗರೇಟಿನ ಹೊಗೆಯಲ್ಲಿ ಪೊಲೋನಿಯಂ-210 ಎಂಬ ವಿಕಿರಣ ಸೂಸುವ ವಸ್ತು ಇದೆ. ರಾಡ್‌ಫೋರ್ಡ್ ಮತ್ತು ಹಂಟ್ ಎಂಬವರು 1964ರಲ್ಲೇ ಪ್ರಕಟಿಸಿದರು. ತಂಬಾಕಿನ ಎಲೆಯ ಮೇಲೆ ಅಂಟು ರೋಮಗಳಿರುತ್ತವೆ. ಗಾಳಿಯಲ್ಲಿನ ರೇಡಾನ್‌ನಿಂದ ಹುಟ್ಟಿದ ಕಣಗಳು ಅದಕ್ಕೆ ಹಿಡಿದುಕೊಳ್ಳುತ್ತವೆ. ರಂಜಕದ ಗೊಬ್ಬರದಿಂದಲೂ ಬರುತ್ತದೆ. ಕೆಂಡದ ಬಿಸಿಗೆ ಪೊಲೋನಿಯಂ ಆವಿಯಾಗಿ ಹೊಗೆಯ ಜೊತೆ ಎದೆಗೆ ಇಳಿಯುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕರಗಲಿಕ್ಕೆ ಬೇಕಾದ ಕಾಲ, 138 ದಿನ. ಅದನ್ನು ಹುಟ್ಟಿಸುವ ಸೀಸ-210ರ ಅರ್ಧಾಯುಷ್ಯ 22 ವರ್ಷ.

ಅಂಕೋಲಾ ಪೇಟೆ:
ಅಂದರೆ ಎಲೆಯನ್ನು ಗೋದಾಮಿನಲ್ಲಿ ವರ್ಷ ಇಟ್ಟರೂ ಹೋಗುವುದಿಲ್ಲ?

ಮಲ್ಲಾಪುರ ಕಾಲೊನಿ:
ಹೋಗುವುದಿಲ್ಲ. ಸೀಸ ಇರುವ ತನಕ ಪೊಲೋನಿಯಂ ಹೊಸದಾಗಿ ಆಗುತ್ತಲೇ ಇರುತ್ತದೆ.

ಬೈತಖೋಲ್ ಬಂದರು:
ಬೀಡಿಯ ಬಗ್ಗೆ ಯಾರಾದರೂ ಹೇಳಿ. ನಮ್ಮ ಬೋಟಿನಲ್ಲಿ ಸಿಗರೇಟು ಸೇದುವವರು ಕಡಿಮೆ, ಬೀಡಿಯವರೇ ಜಾಸ್ತಿ. ರಾತ್ರಿ ಬಲೆ ಬಿಟ್ಟು ಕಾಯುವಾಗ ಒಬ್ಬ ಹಚ್ಚಿದರೆ ಎಲ್ಲರೂ ಹಚ್ಚುತ್ತಾರೆ. ಎಲೆಯಲ್ಲಿ ಸುತ್ತಿದ್ದು, ಕಾಗದ ಇಲ್ಲ, ಕೆಮಿಕಲ್ ಇಲ್ಲ, ತಂಬಾಕೂ ಚೂರೇ ಚೂರು ಅಂತ ಎಲ್ಲರದ್ದೂ ನಂಬಿಕೆ.

ಅಘನಾಶಿನಿ:
ತಂಬಾಕು ಚೂರೇ ಇರುವುದು ಹೌದು. ಒಂದು ಬೀಡಿಯಲ್ಲಿ ಕಾಲು ಗ್ರಾಂ ಆಸುಪಾಸು, ಸಿಗರೇಟಿನಲ್ಲಿ ಅದರ ಎರಡು ಮೂರು ಪಟ್ಟು. ಆದರೂ ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರನ್ನೂ ಬೀಡಿ ಸಿಗರೇಟಿಗಿಂತ ಜಾಸ್ತಿಯೇ ಕೊಡುತ್ತದೆ. ಸಿಗರೇಟಿನ ಕಾಗದದಲ್ಲಿ ಗಾಳಿ ಆಡುತ್ತದೆ, ತೆಂಡು ಎಲೆಯಲ್ಲಿ ಆಡುವುದಿಲ್ಲ. ಅದಕ್ಕೇ ಬಿಟ್ಟರೆ ಬೀಡಿ ಆರುತ್ತದೆ. ಆರಬಾರದು ಅಂತ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಭಾವ ಸೇದುವಾಗ ಗಮನಿಸಿ, ಸಿಗರೇಟಿಗಿಂತ ಬೇಗ ಬೇಗ ದಮ್ಮು ಹೋಗುತ್ತದೆ.

ಸಿಗರೇಟು ಅರವತ್ತು ವರ್ಷದಲ್ಲಿ ಎಷ್ಟೋ ಸಲ ಬದಲಾಯಿತು. ಬೀಡಿ ಇದ್ದ ಹಾಗೇ ಉಳಿದಿದೆ. ಬದಲಾಗದ್ದು ಸುರಕ್ಷಿತ ಅಂತ ಜನ ಅಂದುಕೊಂಡಿದ್ದಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಆದರೆ ಚರ್ಚೆ ಎಲ್ಲಾ ಸಿಗರೇಟಿನ ಬಗ್ಗೆಯೇ.

ಬೈತಖೋಲ್ ಬಂದರು:
ಬೇಗ ಬೇಗ ಎಳೆಯುವುದು ಹೌದು ಅಕ್ಕ. ಗಾಳಿಗೆ ಆರಬಾರದು ಅಂತ ಎರಡೂ ಕೈ ಮುಚ್ಚಿಕೊಂಡು ಎಳೆಯುತ್ತಾರೆ. ಇದನ್ನು ನಮ್ಮ ಹುಡುಗರಿಗೆ ಹೇಳುತ್ತೇನೆ.

ಹೊನ್ನಾವರ ಪೋರ:
ಸೇದುವುದೇ ಬೇಡ ಅಂದರೆ ಎಲೆ ಅಡಿಕೆಯ ಕವಳ ಹಾಕಿದರಾಯಿತಪ್ಪ. ಹೊಗೆಯೇ ಇಲ್ಲ.

ಅಘನಾಶಿನಿ:
ತಂಬಾಕು ಹಾಕಿದ ಕವಳದಲ್ಲೂ ಅದೇ ನೈಟ್ರೊಸಮೀನ್ ಇದೆ ತಮ್ಮಾ. ಎಲೆ ಒಣಗುವಾಗಲೇ ಆಗುತ್ತದೆ ಅಂತ ಮಾಸ್ತರ್ರು ಬರೆದಿದ್ದಾರಲ್ಲ. ಬೆಂಕಿ ತಾಗಲೇಬೇಕು ಅಂತಿಲ್ಲ. ತಂಬಾಕು ಇಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಿಂದ ಮೊದಲ ಗುಂಪಿನಲ್ಲೇ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಯಲ್ಲೇ ಇಟ್ಟಿದೆ.

ಶಿರಸಿ ತೋಟದ ಮನೆ:
ಅಡಿಕೆಯ ತಂಟೆಗೆ ಯಾಕೆ ಬರುತ್ತೀರಿ? ದೇವರ ಪೂಜೆಗೂ ಅಡಿಕೆ ಬೇಕು, ಮದುವೆಗೂ ಬೇಕು. ಇಡೀ ತಾಲೂಕಿನ ಅನ್ನ ಅದು. ಕೊಳೆರೋಗ, ಎಲೆಚುಕ್ಕೆ ರೋಗ ಬಂದು ಬೆಳೆಗಾರ ಸೋತು ಕೂತಿದ್ದಾನೆ. ಇದರ ಮೇಲೆ ಕ್ಯಾನ್ಸರಿನ ಹಣೆಪಟ್ಟಿ ಬೇರೆ. ಗುಟ್ಕಾದಲ್ಲಿ ಹಾಕುವ ದರಿದ್ರ ಮಾಲಿಗೂ ನಮ್ಮ ಚಾಲಿ ಅಡಿಕೆಗೂ ವ್ಯತ್ಯಾಸ ಇಲ್ವಾ?

ಅಘನಾಶಿನಿ:
ಬೆಳೆಗಾರರ ಕಷ್ಟ ನನಗೆ ಗೊತ್ತು, ನಾನೂ ತೋಟದ ಮನೆಯವಳೇ. ಆದರೆ ಬಾಯಿ ತೆರೆಯಲಿಕ್ಕೆ ಆಗದೆ ಬಂದವರನ್ನು ಕಂಡ ಮೇಲೆ ಸುಮ್ಮನಿರಲಿಕ್ಕೆ ಆಗುವುದಿಲ್ಲ.

ನಿರ್ವಾಹಕ:
ಅಡಿಕೆಗೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ವಿವರವಾಗಿ ಮಾತಾಡೋಣ. ಇಲ್ಲಿ ಹೊಗೆಯ ವಿಷಯ ಮಾತ್ರ.

ಸೋಂದಾ ಮನೆ:
ಹೊಗೆಯ ವಿಷಯಕ್ಕೇ ಬರುತ್ತೇನೆ. ಸೇದದವರ ಕಥೆ ಏನು? ನಮ್ಮ ಕಡೆ ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿಯೇ ಇರುತ್ತದೆ. ಬಚ್ಚಲೊಲೆಯ ಹೊಗೆ ಒಂದು ಕಡೆ, ಯಜಮಾನರ ಸಿಗರೇಟು ಇನ್ನೊಂದು ಕಡೆ. ಆಯಿಗೆ ಮೊದಲೇ ಉಬ್ಬಸ. ಇವರು "ನಾನು ಹೊರಗೆ ಊದುತ್ತೇನೆ" ಅನ್ನುತ್ತಾರೆ.

ಕುಮಟಾ ಮಾಸ್ತರ್:
ಅವರು ಊದಿದ ಹೊಗೆಗಿಂತ ತುದಿಯಿಂದ ತಾನಾಗಿ ಏಳುವ ಹೊಗೆಯೇ ಕೋಣೆಯಲ್ಲಿ ಜಾಸ್ತಿ ತುಂಬುವುದು ಅಕ್ಕ. ಅದು ಫಿಲ್ಟರ್ ದಾಟುವುದೇ ಇಲ್ಲ. ಎಳೆಯದೆ ಇರುವಾಗ ಕೆಂಡ ತಣ್ಣಗೆ ಉರಿಯುತ್ತದೆ, ಸುಡುವುದು ಇನ್ನೂ ಅರೆಬರೆ. ಅದಕ್ಕೇ ಅಮೋನಿಯಾ, ಕೆಲವು ನೈಟ್ರೊಸಮೀನ್, ಬೆಂಜೀನ್ ಥರದವು ಆ ಹೊಗೆಯಲ್ಲಿ ಜಾಸ್ತಿ. ಫಿಲ್ಟರ್ ಬಂದು ಸೇದುವವರ ಅಂಕಿ ಇಳಿದರೂ ಪಕ್ಕದಲ್ಲಿ ಕೂತವರಿಗೆ ಅದರಿಂದ ಏನೂ ಸಿಗಲಿಲ್ಲ.

ಹೊಗೆ ಹೋದ ಮೇಲೂ ಮುಗಿಯುವುದಿಲ್ಲ. ಗೋಡೆ, ಪರದೆ, ಹಾಸಿಗೆಗೆ ನಿಕೋಟಿನ್ ಹಿಡಿದಿರುತ್ತದೆ. ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಅದು ಸೇರಿ ಅಲ್ಲೇ ನೈಟ್ರೊಸಮೀನ್ ಹುಟ್ಟುತ್ತದೆ ಅಂತ 2010ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ತೋರಿಸಿದರು. ಮನೆಯೊಳಗಿನ ಗ್ಯಾಸ್ ಒಲೆಯಿಂದಲೂ ಈ ಆಮ್ಲ ಬರುತ್ತದೆ.

ಸೋಂದಾ ಮನೆ:
ಇದನ್ನು ಓದಿ ಹೇಳಿದೆ. ಇನ್ನು ಅಂಗಳ ದಾಟಿಯೇ ಸೇದಬೇಕು ಅಂತ ತೀರ್ಮಾನ ಆಗಿದೆ. ಮಳೆ ಬಂದರೂ.

ಹೊನ್ನಾವರ ಪೋರ:
ಒಂದು ಅರ್ಥ ಆಗಲಿಲ್ಲ. ಟಾರ್ ಇಳಿದಿದೆ, ಬೆಂಜೊಪೈರೀನ್ ಇಳಿದಿದೆ. ಹಾಗಿದ್ದರೆ ಕಾಯಿಲೆ ಸ್ವಲ್ಪವಾದರೂ ಕಡಿಮೆಯಾಗಬೇಕಿತ್ತಲ್ಲ?

ಅಘನಾಶಿನಿ:
ಆಗಲಿಲ್ಲ. ಅಮೆರಿಕದಲ್ಲಿ ಸೇದದವರಿಗೆ ಹೋಲಿಸಿದರೆ ಸೇದುವ ಗಂಡಸರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ 1960ರ ದಶಕದಲ್ಲಿ ಸುಮಾರು 12 ಪಟ್ಟು ಇತ್ತು. 2000ದ ದಶಕದಲ್ಲಿ 25 ಪಟ್ಟು. ಹೆಂಗಸರಲ್ಲಿ 2.7 ಇದ್ದದ್ದು 25ರ ಮೇಲೆ ಹೋಯಿತು. ಲೈಟ್ ಸಿಗರೇಟು ಬಂದು, ಅಂಕಿ ಇಳಿದ ಅದೇ ಕಾಲದಲ್ಲಿ.

ಮಲ್ಲಾಪುರ ಕಾಲೊನಿ:
ಹೆಂಗಸರ ಅಂಕಿಯನ್ನು ಹಾಗೇ ಸಿಗರೇಟಿನ ಮೇಲೆ ಹಾಕಬೇಡಿ. 1960ರಲ್ಲಿ ಅಲ್ಲಿನ ಹೆಂಗಸರು ಸೇದಲಿಕ್ಕೆ ಶುರು ಮಾಡಿ ಜಾಸ್ತಿ ವರ್ಷ ಆಗಿರಲಿಲ್ಲ. ಆಮೇಲಿನವರು ಸಣ್ಣ ವಯಸ್ಸಿನಿಂದ, ಜಾಸ್ತಿ ಸೇದಿದರು. ಅದಕ್ಕೂ ಒಂದು ಪಾಲು ಕೊಡಬೇಕು.

ಅಘನಾಶಿನಿ:
ಒಪ್ಪುತ್ತೇನೆ, ಅದೂ ಸೇರಿದೆ. ಆದರೆ ಗಂಡಸರದ್ದು ಇಳಿಯಲಿಲ್ಲವಲ್ಲ. ಕ್ಯಾನ್ಸರಿನ ಜಾತಿಯೂ ಬದಲಾಯಿತು. ಮೊದಲು ದೊಡ್ಡ ಶ್ವಾಸನಾಳದ ಒಳಪದರದಲ್ಲಿ ಬರುವ ಕ್ಯಾನ್ಸರ್ ಜಾಸ್ತಿ ಇತ್ತು. ಆಮೇಲೆ ಶ್ವಾಸಕೋಶದ ಅಂಚಿನಲ್ಲಿ ಬರುವ ಅಡೆನೊಕಾರ್ಸಿನೋಮ ಏರಿತು. 1950ರ ನಂತರ ಸಿಗರೇಟಿನ ರಚನೆ ಮತ್ತು ಒಳವಸ್ತು ಬದಲಾದದ್ದೇ ಈ ಏರಿಕೆಗೆ ಕಾರಣ ಅಂತ 2014ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರಕಾರದ ಹಿರಿಯ ಆರೋಗ್ಯಾಧಿಕಾರಿ) ವರದಿ ಹೇಳಿತು. ಇಂಥದ್ದೇ ಬದಲಾವಣೆ ಅಂತ ಬೆರಳಿಡಲಿಲ್ಲ. ತೂತಿನ ಫಿಲ್ಟರ್ ಮತ್ತು ನೈಟ್ರೊಸಮೀನ್ ಇವೆರಡರ ಮೇಲೆ ಅನುಮಾನ ಇದೆ ಎಂದಿತು. ತೆಳು ಹೊಗೆಯನ್ನು ಆಳಕ್ಕೆ ಎಳೆದಾಗ ಅದು ಅಂಚಿನ ತನಕ ಹೋಗುತ್ತದೆ.

ಕೋಡಿಬಾಗದ ಹುಡುಗ:
ಅಂದರೆ ಅಪ್ಪ ಇಷ್ಟು ವರ್ಷ ನಂಬಿದ್ದ ವಸ್ತುವೇ ಹೊಗೆಯನ್ನು ಇನ್ನೂ ಆಳಕ್ಕೆ ಕಳಿಸಿತು. ಓದಿ ಸಂಕಟ ಆಯಿತು. ನಮ್ಮಲ್ಲಿ ಪ್ಯಾಕಿನ ಮೇಲೆ ಟಾರ್ ಎಷ್ಟು ಅಂತ ಬರೆಯಬೇಕು ಅಂತ ಕಾನೂನು ಇದೆಯಾ?

ಹುಣಸೂರು ಕಡೆಯವ (ಈಗ ದಾಂಡೇಲಿ):
2003ರ ತಂಬಾಕು ಕಾಯ್ದೆಯ ಏಳನೇ ಕಲಮಿನಲ್ಲಿ ಟಾರ್, ನಿಕೋಟಿನ್ ಪ್ರಮಾಣ ಮತ್ತು ಅದರ ಗರಿಷ್ಠ ಮಿತಿ ಬರೆಯಬೇಕು ಅಂತ ಇದೆ. ಜಾರಿಗೆ ಬರಲಿಲ್ಲ. ಗ್ರಾಹಕನ ಹಕ್ಕು ಅದು, ಬರೆಯಲೇಬೇಕು.

ಅಘನಾಶಿನಿ:
ಬರೆಯದೆ ಇರುವುದೇ ಒಳ್ಳೆಯದು! ಬರೆದರೆ ಜನ 8ಕ್ಕಿಂತ 4 ವಾಸಿ ಅಂತ ಕೊಳ್ಳುತ್ತಾರೆ. ಯುರೋಪಿನಲ್ಲಿ ಟಾರ್ 10, ನಿಕೋಟಿನ್ 1, ಕಾರ್ಬನ್ ಮೊನಾಕ್ಸೈಡ್ 10 ಮಿಲಿಗ್ರಾಂ ಮಿತಿ 2004ರಿಂದ ಇದೆ. ಅಲ್ಲೂ 2014ರ ಹೊಸ ನಿರ್ದೇಶನದಲ್ಲಿ ಪ್ಯಾಕಿನ ಮೇಲೆ ಈ ಅಂಕಿ ಮುದ್ರಿಸಬಾರದು ಅಂದರು, ಜನ ದಾರಿ ತಪ್ಪುತ್ತಾರೆ ಅಂತಲೇ. ನಮ್ಮಲ್ಲಿ 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ. 85 ಜಾಗದಲ್ಲಿ ಚಿತ್ರದ ಎಚ್ಚರಿಕೆ ಬಂತು. ನಮ್ಮ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಆ ನಿಯಮ ರದ್ದು ಮಾಡಿದರೂ ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ತಡೆ ಕೊಟ್ಟು ಉಳಿಸಿತು. ನನ್ನ ಪ್ರಕಾರ ಚಿತ್ರ ಸಾಕು, ಅಂಕಿ ಬೇಡ.

ಹುಣಸೂರು ಕಡೆಯವ (ಈಗ ದಾಂಡೇಲಿ):
ಪ್ಯಾಕಿನ ಮೇಲೆ ಬೇಡ ಅಂದರೂ ಸರಕಾರಕ್ಕಾದರೂ ಕಂಪನಿ ಲೆಕ್ಕ ಕೊಡಬೇಕು ಅಲ್ವಾ? ಕೆನಡಾದಲ್ಲಿ 2000ದಿಂದ ಹೊಗೆಯಲ್ಲಿನ ನಲವತ್ತರಷ್ಟು ವಸ್ತುಗಳ ವರದಿ ಕೊಡಲೇಬೇಕು. ಅದೂ ತೂತು ಮುಚ್ಚಿ, ಅರ್ಧ ನಿಮಿಷಕ್ಕೊಮ್ಮೆ 55 ಮಿಲಿಲೀಟರ್ ದಮ್ಮು ಎಳೆದು ಅಳೆಯಬೇಕು. ಅಂಥ ಲೆಕ್ಕ ಇದ್ದರೆ ನಮ್ಮ ಹೊಗೆ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಅಘನಾಶಿನಿ:
ಅದು ಬೇಕೇ ಬೇಕು. ಅಲ್ಲಿ ನಿಮ್ಮ ಜೊತೆ ಇದ್ದೇನೆ.

ಕೋಡಿಬಾಗದ ಹುಡುಗ:
ಎಲ್ಲಾ ಉತ್ತರಗಳನ್ನು ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಪೆನ್ನು ಹಿಡಿದು ಗೆರೆ ಹಾಕುತ್ತಾ ಓದಿದರು. "ಹಾಗಾದರೆ ಯಾವುದಕ್ಕೆ ಬದಲಾಯಿಸಿದರೂ ಪ್ರಯೋಜನ ಇಲ್ಲ" ಅಂದರು. ನಿಕೋಟಿನ್ ಗಮ್ ಬಗ್ಗೆ ಕೇಳು ಅಂತ ಅವರೇ ಹೇಳಿದ್ದಾರೆ. ಬಿಪಿ ಮಾತ್ರೆ ನಡೆಯುತ್ತಿದೆ, ತೊಂದರೆ ಇಲ್ವಾ?

ಅಘನಾಶಿನಿ:
ಬಿಪಿ ಇದೆ ಅಂದರೆ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿ. 2 ಮಿಲಿಗ್ರಾಂ ಗಮ್ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಗಮ್‌ನಲ್ಲಿ ನಿಕೋಟಿನ್ ಇದೆ, ಆದರೆ ಹೊಗೆ ಇಲ್ಲ, ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ.

ಬಬಲ್‌ಗಮ್ ಥರ ಅಗಿಯುತ್ತಲೇ ಇರಬಾರದು, ಹೆಚ್ಚಿನವರು ತಪ್ಪುವುದು ಇಲ್ಲೇ. ನಿಧಾನ ಅಗಿಯಬೇಕು. ಬಾಯಲ್ಲಿ ಖಾರ, ಚುರುಚುರು ಅನಿಸಿದಾಗ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿಯಬೇಕು. ಅರ್ಧ ಗಂಟೆ ಬರುತ್ತದೆ. ಗಮ್ ಹಾಕುವುದಕ್ಕೆ ಹದಿನೈದು ನಿಮಿಷ ಮುಂಚೆಯಿಂದ ಚಹಾ, ಕಾಫಿ, ಲಿಂಬು ಶರಬತ್ತು ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತದೆ.

ರಾಷ್ಟ್ರೀಯ ಸಹಾಯವಾಣಿ 1800-11-2356. ಕರೆಗೆ ದುಡ್ಡಿಲ್ಲ, ಪ್ಯಾಕಿನ ಮೇಲೂ ಇದೇ ನಂಬರ್ ಇರುತ್ತದೆ.

ಬೈತಖೋಲ್ ಬಂದರು:
ಬೀಡಿಯವರಿಗೂ ಇದೇ ಗಮ್ ಆಗುತ್ತದಾ?

ಅಘನಾಶಿನಿ:
ಆಗುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಅನ್ನುವವರಿಗೆ 2 ಮಿಲಿಗ್ರಾಂ ಸಾಲದೆ ಹೋಗಬಹುದು. ಅವರಿಗೆ 4 ಮಿಲಿಗ್ರಾಂದು ಇದೆ, ಅದನ್ನು ಡಾಕ್ಟರ ಚೀಟಿಯ ಮೇಲೆ ತೆಗೆದುಕೊಳ್ಳಬೇಕು. ಬೋಟಿಗೆ ಹೋಗುವಾಗ ಬೀಡಿ ಕಟ್ಟು ದಡದಲ್ಲೇ ಬಿಟ್ಟು ಗಮ್ ಮಾತ್ರ ಒಯ್ಯಲಿಕ್ಕೆ ಹೇಳಿ. ಒಬ್ಬರ ಹತ್ತಿರ ಕಟ್ಟು ಇದ್ದರೂ ಎಲ್ಲರೂ ಹಚ್ಚುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ. ಹಾಗಾಗಿ ಒಂದು ಬೋಟಿನವರು ಒಟ್ಟಿಗೇ ಶುರು ಮಾಡಿದರೆ ಒಳ್ಳೆಯದು.